ಎತ್ತರದ ಜೀಪಿನ ಹ್ಯಾಂಡ್‌ಬ್ರೇಕು

ಹರಿಪ್ರಿಯಾಗೆ ಬಸ್ಸೆಂದರೆ ಭಯ. ಬಸ್ಸು ಹಳ್ಳಕ್ಕೆ ಬಿದ್ದೀತೆಂದಲ್ಲ, ಪಕ್ಕದ ಸೀಟಿನವರು ಮಾತಾಡಿಸಿಯಾರೆಂದು. ಉರಿಗಾಂ ಬಿಟ್ಟು ರಾಬರ್ಟ್‌ಸನ್‌ಪೇಟೆ ಮುಟ್ಟುವಷ್ಟರಲ್ಲಿ ಓದಿದ್ದೇನು, ಮದುವೆ ಯಾಕಿಲ್ಲ, ಕೂದಲಿಗೆ ಯಾವ ಎಣ್ಣೆ ಎಂಬುದನ್ನೆಲ್ಲ ಕನ್ನಡದಲ್ಲೊಮ್ಮೆ, ತಮಿಳಿನಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಒಪ್ಪಿಸಬೇಕು. ಈಗ ಬೇತಮಂಗಲದ ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತ್ತು. ಮಾತಾಡಬಾರದು ಅಂತ ಗೋಡೆ ಮೇಲೇ ಬರೆದಿರುವಂಥ ಕೆಲಸ. ಆದರೆ ಅಲ್ಲಿಗೆ ಹೋಗಬೇಕಾದ್ದು ಬಸ್ಸಿನಲ್ಲಿ.

ಮನೆ ಮುಂದೆ ಜೀಪಿತ್ತು, ಲೈಸೆನ್ಸೂ ಇತ್ತು. ಅಪ್ಪ ಕೋದಂಡಪ್ಪ ಫ್ಯಾಕ್ಟರಿಯಿಂದ ರಿಟೈರಾದಾಗ ಕೊಂಡ ಹಳೇ ಜೀಪು. ಸೋದರಮಾವ ವಿಜಯಕುಮಾರ್ ಅದನ್ನು ಚಿನ್ನದ ಗಣಿಯ ಮಣ್ಣು ಸುರಿದು ಗುಡ್ಡವಾಗಿದ್ದ ಸೈನೈಡ್ ದಿಬ್ಬ ಹತ್ತಿಸುವ ಹುಚ್ಚಿಗೆ ಸ್ಪ್ರಿಂಗ್ ಪಟ್ಟಿ ಎತ್ತರಿಸಿ, ಒರಳುಕಲ್ಲಿನಂಥ ಟೈರು ಹಾಕಿಸಿ, ಸ್ಟೂಲಿಲ್ಲದೆ ಯಾರೂ ಹತ್ತದ ಹಾಗೆ ಮಾಡಿಟ್ಟಿದ್ದ. ಗಾಡಿಯೇನೋ ಬೆಳೆಯಿತು, ಹ್ಯಾಂಡ್‌ಬ್ರೇಕಿನ ಕೇಬಲ್ಲು ಬೆಳೆಯಲಿಲ್ಲ. ಮೂರನೇ ಕ್ಲಾಸಿನ ಲಂಗವನ್ನು ಎಸ್ಸೆಸ್ಸೆಲ್ಸಿಯಲ್ಲಿ ತೊಟ್ಟ ಹಾಗೆ ಎಳೆದೂ ಎಳೆದೂ ಒಂದು ದಿನ ಕಿತ್ತೇ ಹೋಯಿತು.

ಕೋದಂಡಪ್ಪ ತೀರ್ಪು ಕೊಟ್ಟ. "ನಮ್ ಬಾಗ್ಲು ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ನಿಂತ್ರೆ ಗಾಡಿ ನಿಂದು ಕಣಮ್ಮಿ, ಓಡಿಸ್ಕೊಂಡ್ ಓಗು. ನಿಲ್ಲಲಿಲ್ವಾ, ಬಂಗಾರಪೇಟೆ ಅಶ್ವತ್ಥಪ್ಪಂದು. ಕೊಳ್ತೀನಿ ಅಂತವ್ನೆ, ಭಾನ್ವಾರ ಸಂಜೆ ಬತ್ತಾನೆ ನೋಡಕ್ಕೆ."

ಭಾನುವಾರ ಬೆಳಿಗ್ಗೆಯೇ ಮಾವ ಉದ್ದನೆಯ ಹೊಸ ಕೇಬಲ್ಲುಗಳನ್ನೂ ಮೆಕ್ಯಾನಿಕ್ ಮುನೀಂದ್ರನನ್ನೂ ಕರೆತಂದ. ಮುನೀಂದ್ರನ ಹತ್ತಿರ ಗಣಿಯೊಳಗೆ ಚಾವಣಿಗೆ ಆನಿಸುತ್ತಿದ್ದ ಹಳೇ ಮರದ ದಿಮ್ಮಿಗಳಿದ್ದವು. ಜಾಕಿ ಹೊಡೆದು ಗಾಡಿಯ ಚಾಸಿಯನ್ನು ಆ ದಿಮ್ಮಿಗಳ ಮೇಲೆ ಕೂರಿಸದೆ ಅವನು ಒಂದು ನಟ್ಟೂ ಮುಟ್ಟುವವನಲ್ಲ. "ಇಡೀ ಬೆಟ್ಟ ಒತ್ಕೊಂಡಿದ್ದ ಮರ ಸಾಮಿ, ನಿಮ್ ಜೀಪ್ ಯಾವ ಲೆಕ್ಕ?"

ಚಾಸಿ ದಿಮ್ಮಿಗಳ ಮೇಲೆ ಕೂತಿತು, ಹಿಂದಿನ ಚಕ್ರಗಳು ಗಾಳಿಯಲ್ಲಿ ಜೋತುಬಿದ್ದವು. ಕೇಬಲ್ ಹಾಕಿದ ಮೇಲೆ ಒಂದಿಷ್ಟು ಉದ್ದ ಮಿಕ್ಕಿ ನೇತಾಡಿತು. ಮುನೀಂದ್ರನಿಗೆ ಅದು ಸರಿಬರಲಿಲ್ಲ. "ನೇತಾಡೋ ಕೆಲ್ಸ ನಾನ್ ಮಾಡಲ್ಲ" ಎಂದು ಮಿಕ್ಕಿದ್ದನ್ನು ತಂತಿಯಿಂದ ಚಾಸಿಗೆ ಬಿಗಿದು ಕಟ್ಟಿ, ನಟ್ಟು ಟೈಟು ಮಾಡಿ, ಲಿವರ್ ಎಳೆದ. ಮಾವ ಎರಡೂ ಕೈಯಲ್ಲಿ ಚಕ್ರ ಹಿಡಿದು ಜಗ್ಗಿದ. ಚಕ್ರ ಅಲ್ಲಾಡಲಿಲ್ಲ, ಮಾವನ ಪ್ಯಾಂಟು ಹರಿಯಿತು.

"ಪಾತ್ತೀಯಾ?" ನೋಡಿದೆಯಾ ಎಂದು ಮುನೀಂದ್ರ ಕೇಳಿದ, ತಮಿಳಿನಲ್ಲಿ, ಆಕಾಶವನ್ನು.

ಇಳಿಸಿದರು. ಮಾವ ಸೀಟಿನಲ್ಲಿ ಕೂತು ಲಿವರ್ ಎಳೆದು ಕಾಲುಬ್ರೇಕು ಬಿಟ್ಟ. ಜೀಪು ಸ್ವಲ್ಪ ಹೊತ್ತು ಯೋಚನೆ ಮಾಡಿ, ನೀರಿಗೆ ಹೊರಟ ಎಮ್ಮೆಯ ಹಾಗೆ ಎದುರು ಮನೆ ಅಮ್ಮಾಜಮ್ಮನ ಹಪ್ಪಳದ ಚಾಪೆಯತ್ತ ಹೊರಟಿತು.

"ಯೋವ್! ಅಪ್ಳ ಕಣ್ರಯ್ಯೋ!"

ಮಾವ ಕಾಲುಬ್ರೇಕು ತುಳಿದ. ಅಮ್ಮಾಜಮ್ಮ ಹಪ್ಪಳ ಎಣಿಸುವುದನ್ನೂ ಬಿಟ್ಟು ಜೀಪಿನ ಸುತ್ತ ಒಂದು ಸುತ್ತು ಬಂದಳು. "ಕಣ್ ಬಿದ್ದದೆ. ಓಗೋರ್ ಬರೋರೆಲ್ಲ ಎಂಥಾ ಎತ್ರ, ಎಂಥಾ ಎತ್ರ ಅಂತವ್ರೆ. ಮನುಷ್ರಿಗೇ ತಡಿಯಲ್ಲ, ಕಬ್ಣ ತಡೀತದಾ?"

ನಿಂಬೆಹಣ್ಣು ನಿವಾಳಿಸಿದರು. ಗಾಡಿಯನ್ನು ಮತ್ತೆ ದಿಮ್ಮಿ ಹತ್ತಿಸಿ ಇನ್ನೂ ಟೈಟು ಮಾಡಿದರು. ಮೇಲಿದ್ದಾಗ ಚಕ್ರ ಬಂಡೆ, ನೆಲಕ್ಕಿಳಿದರೆ ಹಪ್ಪಳದ ಕಡೆ ನಡಿಗೆ. ತೆಂಗಿನಕಾಯಿ ನಿವಾಳಿಸಿದರು. ಅದೇ ಕತೆ.

"ಕಾಯಿಗ್ ಓಗೋ ದೃಷ್ಟಿ ಅಲ್ಲ ಇದು," ಎಂದಳು ಅಮ್ಮಾಜಮ್ಮ. "ಬೂದುಗುಂಬಳ ತರ್ಸಿ."

ಹರಿಪ್ರಿಯಾ ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದಳು. ಎರಡನೇ ಸಲವೇ ಅವಳಿಗೆ ಹೊಳೆದಿತ್ತು. ಗಾಡಿ ದಿಮ್ಮಿ ಮೇಲಿದ್ದಾಗ ಚಕ್ರ ಕೆಳಗೆ ಜೋತುಬಿದ್ದು ಕೇಬಲ್ಲನ್ನು ತಾನೇ ಎಳೆದು ಹಿಡಿಯುತ್ತದೆ. ನೆಲ ಮುಟ್ಟಿದ ಕೂಡಲೇ ಚಕ್ರ ಮೇಲೇರಿ, ಒಂದು ಕಡೆ ಕಂಬ ವಾಲಿದ ಬಟ್ಟೆ ಹಗ್ಗದ ಹಾಗೆ ಕೇಬಲ್ಲು ಜೋಲುತ್ತದೆ. ಹಿಡಿಯುತ್ತಿದ್ದದ್ದು ಬ್ರೇಕಲ್ಲ, ಎತ್ತರ!

ಹೊಳೆದದ್ದು ಸುಲಭ, ಹೇಳುವುದು ಕಷ್ಟ. ಟೀ ಲೋಟ ಹಿಡಿದು ಹೋಗಿ "ಮುನೀಂದ್ರಣ್ಣಾ" ಎಂದಳು. "ಸಕ್ರೆ ಸಾಕಮ್ಮ" ಎಂದು ಅವನು ಜೀಪಿನಡಿ ತೂರಿದ. "ಮಾವಾ, ಆ ಕೇಬಲ್ಲು..." ಎಂದಳು. "ಒಳ್ಳೇ ಕಂಪನೀದು ಪುಟ್ಟಿ, ಯೋಚ್ನೆ ಮಾಡ್ಬೇಡ" ಎಂದು ಮಾವ ಕುಂಬಳಕಾಯಿಗೆ ಹೊರಟ. ಅಪ್ಪನ ಹತ್ತಿರ ಹೋದರೆ ಅಪ್ಪ ಫೋನಿನಲ್ಲಿದ್ದ. "ಬಾ ಅಶ್ವತ್ಥಪ್ಪ, ಬಾ. ನಿಲ್ಲಂಗ್ ಕಾಣಲ್ಲ. ತಗೊಂಡೇ ಓಗೀವಂತೆ."

ಕುಂಬಳಕಾಯಿ ಬಂತು. ಜೀಪು ಮೂರನೇ ಸಲ ದಿಮ್ಮಿಗಳ ಮೇಲಿತ್ತು. ಮುನೀಂದ್ರ ಲಿವರ್ ಎಳೆದು ಬೀಗಿದ. ಮಾವ ಕಾಯಿ ಮೇಲಕ್ಕೆತ್ತಿದ. ಅಷ್ಟರಲ್ಲಿ ಬೀದಿ ತಿರುವಿನಲ್ಲಿ ಅಶ್ವತ್ಥಪ್ಪನ ಬೈಕು ಕಾಣಿಸಿತು.

"ನಿಲ್ಸೀ!"

ಆ ಕೂಗು ಎಲ್ಲಿಂದ ಬಂತೆಂದು ಹರಿಪ್ರಿಯಾ ಕೂಡ ಹಿಂದೆ ತಿರುಗಿ ನೋಡಿದಳು. ಮಾವನ ಕೈಯಿಂದ ಕುಂಬಳಕಾಯಿ ಜಾರಿ ಅವನ ಕಾಲ ಮೇಲೇ ಒಡೆಯಿತು. ಅಶ್ವತ್ಥಪ್ಪ ತನಗೇ ಹೇಳಿದ್ದೆಂದುಕೊಂಡು ಅಲ್ಲೇ ಬೈಕು ನಿಲ್ಲಿಸಿದ.

"ದೃಷ್ಟೀನೂ ಇಲ್ಲ, ಮಣ್ಣೂ ಇಲ್ಲ!" ಹರಿಪ್ರಿಯಾಳ ಬಾಯಿ ಒಮ್ಮೆ ತೆರೆದಿತ್ತು, ಮುಚ್ಚುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. "ಆ ತಂತಿ ಕಟ್ಟು ಬಿಚ್ಚಿ! ಉದ್ದ ಕೇಬಲ್ ತಂದು ಕಟ್ಟಿ ಗಿಡ್ಡ ಮಾಡಿದ್ರೆ ಏನ್ ಬಂತು? ಚಕ್ರ ನೆಲಕ್ ಬಿಡಿ, ಗಾಡಿ ಭಾರ ಬೀಳ್ಲಿ, ಆಮೇಲೆ ಕೆಳಗ್ ಮಲಗಿ ಟೈಟ್ ಮಾಡಿ! ನಾವ್ ಗಾಡಿ ಓಡ್ಸೋದು ನೆಲದ್ ಮೇಲಾ, ದಿಮ್ಮಿ ಮೇಲಾ?"

ಮುನೀಂದ್ರ ದಿಮ್ಮಿಯನ್ನೊಮ್ಮೆ, ಕೇಬಲ್ಲನ್ನೊಮ್ಮೆ ನೋಡಿ, "ನಾನೂ ಅದೇ ಅನ್ಕೊಂತಿದ್ದೆ" ಎಂದ.

ಕಟ್ಟು ಬಿಚ್ಚಿ, ಗಾಡಿ ಇಳಿಸಿ, ಟೈರುಗಳಿಗೆ ಕಲ್ಲು ಕೊಟ್ಟು, ಮುನೀಂದ್ರ ಅಡಿಗೆ ತೂರಿ ಬಿಗಿದ. ಜೀಪು ಎತ್ತರವಿದ್ದದ್ದಕ್ಕೆ ಕೆಳಗೆ ಕೂತೇ ಕೆಲಸ ಮಾಡುವಷ್ಟು ಜಾಗವಿತ್ತು. ಕಲ್ಲು ತೆಗೆದರು. ಮಾವ ಕಾಲುಬ್ರೇಕು ಬಿಟ್ಟ. ಅಮ್ಮಾಜಮ್ಮ ಚಾಪೆ ಎತ್ತಿಕೊಂಡು ನಿಂತಿದ್ದಳು. ಜೀಪು ಅಲ್ಲಾಡಲಿಲ್ಲ. ಹಿಂದಿನಿಂದ ನೂಕಿದರೂ ಜಪ್ಪಯ್ಯ ಅನ್ನಲಿಲ್ಲ.

ತೊಂದರೆ ಶುರುವಾದದ್ದು ಆಗ. "ಭಲೇ!" ಎಂದ ಅಶ್ವತ್ಥಪ್ಪ. "ಬ್ರೇಕ್ ಇಲ್ಲ ಅಂದ್ರೂ ತಗೋಳಾಣ ಅಂತ್ಲೇ ಬಂದಿದ್ದೆ. ಈಗಂತೂ ಬಿಡಲ್ಲ ಕೋದಂಡಪ್ಪ. ಕೀಲಿ ಕೊಡು."

ಕೋದಂಡಪ್ಪ ಮಗಳ ಮುಖ ನೋಡಿದ. ಹರಿಪ್ರಿಯಾ ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಅಷ್ಟು ವರ್ಷದ ದನಿಯನ್ನೆಲ್ಲ ಒಂದೇ ಸಲ ಖರ್ಚು ಮಾಡಿ ಗಂಟಲು ಕಟ್ಟಿಹೋಗಿತ್ತು. ಅವಳು ಸ್ಟೂಲು ತಂದಿಟ್ಟು, ಚೂಡಿದಾರ ಮೇಲೆತ್ತಿ ಹಿಡಿದು ಜೀಪು ಹತ್ತಿ, ಮಾವನನ್ನು ಆಚೆ ದಬ್ಬಿ, ಸ್ಟೇರಿಂಗ್ ಹಿಡಿದು ಕೂತಳು. ಸ್ಟೂಲನ್ನೂ ಮೇಲಕ್ಕೆಳೆದುಕೊಂಡಳು.

ಅಶ್ವತ್ಥಪ್ಪ ಕೆಳಗಿನಿಂದ ಕತ್ತೆತ್ತಿ ನೋಡಿದ. ಹತ್ತಲು ದಾರಿಯಿರಲಿಲ್ಲ.

"ಟೀ ಕುಡ್ಕೊಂಡ್ ಓಗು ಅಶ್ವತ್ಥಪ್ಪ," ಎಂದ ಕೋದಂಡಪ್ಪ, ನಗು ತಡೆದುಕೊಂಡು. "ಗಾಡಿ ನಮ್ ಉಡ್ಗೀದು."

ಅಮ್ಮಾಜಮ್ಮ ಚಾಪೆ ಮತ್ತೆ ಹಾಸಿ ಜೀಪಿನ ಪಕ್ಕ ಬಂದು ನಿಂತಳು. "ಬೇತಮಂಗ್ಲಕ್ಕಾ ದಿನಾ ಓಗೋದು? ಅಲ್ಲೇ ಕಣೇ ನನ್ ತಂಗಿ ಮನೆ. ನಾಳೆ ನಾನೂ ಬತ್ತೀನಿ. ನಿಂಗ್ ಬಾಯೇ ಇಲ್ಲ ಅನ್ಕೊಂಡಿದ್ದೆ. ಇವತ್ ಗೊತ್ತಾಯ್ತು ನೋಡು, ದಾರಿಯುದ್ದಕ್ಕೂ ಮಾತಾಡ್ಕೊಂಡ್ ಓಗ್ಬೌದು."

ಬೇಡ ಅನ್ನಲು ಹರಿಪ್ರಿಯಾಗೆ ದನಿಯಿರಲಿಲ್ಲ. ಸ್ಟೂಲನ್ನು ಮೆಲ್ಲಗೆ ಕೆಳಗಿಳಿಸಿದಳು.