ಹರಿಹರದ ಬಯಲಲ್ಲಿ ಒಂದು ಒಡಪು

ಹೊಳೆಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಹೊಳೆದಂಡೆಯ ಊರೊಂದರಲ್ಲಿ ಒಬ್ಬ ಹುಡುಗಿ ಇದ್ದಳಂತೆ. ಅವಳು ಕೊಡ ಮುಳುಗಿಸಿದಾಗ ನೀರಿನೊಳಗಿಂದ ಒಬ್ಬ ಚೆಲುವ ಎದ್ದು ಬಂದು, 'ನನ್ನನ್ನು ಮದುವೆಯಾಗು, ಆದರೆ ನನ್ನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಬೇಡ' ಎಂದನಂತೆ. ಹುಡುಗಿ ಒಪ್ಪಿದಳು. ಇಬ್ಬರೂ ಸುಖವಾಗಿದ್ದರು. ಆದರೆ ನೆರೆಹೊರೆಯವರು ಬಿಡಬೇಕಲ್ಲ! 'ನಿನ್ನ ಗಂಡನಿಗೆ ಹೆಸರೇ ಇಲ್ಲೇನೇ?' ಎಂದು ದಿನಾ ಚುಚ್ಚಿದರು. ಒಂದು ಸಂಜೆ ತಾಳಲಾರದೆ ಆಕೆ ಹೇಳಿಬಿಟ್ಟಳು. ಹೇಳಿದ್ದೇ ತಡ, ಹೊಸಿಲಲ್ಲಿ ನಿಂತಿದ್ದ ಗಂಡ ಪಾದದಿಂದ ನೀರಾಗುತ್ತ ಬಂದ. ಮೊಣಕಾಲು ನೀರಾಯಿತು, ಎದೆ ನೀರಾಯಿತು, ಕೊನೆಗೆ ಕಣ್ಣೂ ನೀರಾಗಿ, ಅಂಗಳ ದಾಟಿ ಹೊಳೆಗೆ ಹರಿದುಹೋದನಂತೆ.

ಈ ಕತೆ ಹೇಳಿದವಳು ನನ್ನ ಅಜ್ಜಿ ಉಡಚಮ್ಮ. ನಾನು ಭಾನುವಳ್ಳಿಯಲ್ಲಿ ಅವಳ ಸೆರಗು ಹಿಡಿದೇ ಬೆಳೆದವಳು. ಬೇರೆ ಹುಡುಗಿಯರು ಕತೆ ಕೇಳಿ ನಿದ್ದೆ ಹೋಗುತ್ತಿದ್ದರು. ನಾನು ಕತೆಯೊಳಗೇ ಉಳಿದುಬಿಡುತ್ತಿದ್ದೆ. ಅಂಗಳದಲ್ಲಿ ಚೆಲ್ಲಿದ ನೀರು ಕಂಡರೂ ಯಾರದೋ ಗಂಡನಿರಬಹುದು ಎಂದು ಸುತ್ತುಹಾಕಿ ನಡೆಯುತ್ತಿದ್ದೆ. 'ಇವಳಿಗೆ ತಲಿಯಾಗ ಮಿದುಳಿಲ್ಲ, ಬರೇ ಮೋಡ ಐತೆ' ಎಂದು ನಮ್ಮವ್ವ ಬೈಯುತ್ತಿದ್ದಳು.

ಅಂಥವಳನ್ನು ದಾವಣಗೆರೆಯ ಹತ್ತಿ ವ್ಯಾಪಾರದ ಮನೆಗೆ ಕೊಟ್ಟು ಮದುವೆ ಮಾಡಿದರು. ದಿಬ್ಬಣ ಪಿ.ಜೆ. ಬಡಾವಣೆಯ ಮನೆ ತಲುಪಿದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. 'ಒಡಪು ಹೇಳಿ ಒಳಗ ಬಾ' ಎಂದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದಾಗಿ ಹೇಳುವಂತಿಲ್ಲ. ಆದರೆ ಮದುವೆಯಂಥ ಸಮಯದಲ್ಲಿ ಒಂದು ಪದ ಕಟ್ಟಿ, ಅದರ ತುದಿಗೆ ಹೆಸರನ್ನು ಹೊಸೆದು ಹೇಳಲೇಬೇಕು. ಅದೇ ಒಡಪು. ನನಗೆ ಪದ ಬರುತ್ತಿತ್ತು. ಗೆಳತಿಯರ ಮದುವೆಗೆಲ್ಲ ನಾನೇ ಕಟ್ಟಿಕೊಟ್ಟಿದ್ದೆ. ಆದರೆ ಪಕ್ಕದಲ್ಲಿ ನಿಂತಿದ್ದವರನ್ನು ನೋಡಿದೆ. ಬಾಸಿಂಗದ ಕೆಳಗಿನಿಂದ ಅವರೂ ನನ್ನನ್ನೇ ನೋಡುತ್ತಿದ್ದರು, ಮುಗುಳ್ನಗುತ್ತ. ಆ ಮುಖ ನನಗೆ ಎಷ್ಟು ಹಿಡಿಸಿತೆಂದರೆ ಒಮ್ಮೆಲೇ ಅಜ್ಜಿಯ ಕತೆ ನೆನಪಾಯಿತು. ಹೆಸರು ಹೇಳಿದರೆ, ಪಾದದಿಂದ ನೀರಾಗುತ್ತ ಬಂದರೆ?

ತುಂಬಿದ ಜನರ ನಡುವೆ ಸುಮ್ಮನೆ ನಿಂತೆ. ಕೊನೆಗೆ ನನ್ನ ಗಂಡನ ಅಜ್ಜಿ, ಮನೆಗೆಲ್ಲ ಹಿರಿಯರಾದ ಅಕ್ಕನಾಗಮ್ಮನವರು, 'ಮುಹೂರ್ತ ಮೀರತೈತೆ, ಬಿಡ್ರೇ. ಮುಂದ ಹೇಳ್ತಾಳೆ. ಹೇಳ್ತೀ ಇಲ್ಲೋ?' ಎಂದರು. ನಾನು 'ಹೇಳ್ತೀನ್ರಿ' ಎಂದು ಮಾತು ಕೊಟ್ಟು ಒಳಗೆ ಬಂದೆ.

ದೀಪಾವಳಿ ಬಂತು, ಹೇಳಲಿಲ್ಲ. ನಾದಿನಿಯ ಸೀಮಂತ ಬಂತು, ತಲೆನೋವೆಂದು ಮಲಗಿದೆ. ಹೆಂಗಸರು ಮೊದಲು ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟರು. ಒಂದು ಬೆಳಿಗ್ಗೆ ನಮ್ಮವರು ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ ಕೇಳಿದರು: 'ನೀಲಾ, ನಿಮ್ಮ ಮನೇಲಿ ಬಲವಂತ ಮಾಡಿ ಕೊಟ್ರೇನು?'

'ಯಾಕ್ರೀ?'

'ಏನಿಲ್ಲ. ಹೆಸರು ಹಳೇ ಕಾಲದ್ದು, ಅದಕ್ಕೆ ಹೇಳವಲ್ಲಿ ಅಂತ ಮೊದಲು ತಿಳಕೊಂಡಿದ್ದೆ. ಈಗ ಬರೇ ಹೆಸರಲ್ಲ, ಮನುಷ್ಯನೇ ಹಿಡಿಸಿಲ್ಲೇನೋ ಅನ್ನಿಸ್ತೈತೆ.'

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು. ನೀರಿನ ಗಂಡನ ಕತೆಯನ್ನು ಹತ್ತಿ ಮಾರುವ ಗಂಡನಿಗೆ ಹೇಗೆ ಹೇಳುವುದು? ಅಂದಿನಿಂದ ಅವರು ನನ್ನೊಡನೆ ಮನೆಗೆ ಬಂದ ನೆಂಟಳೊಡನೆ ಮಾತಾಡುವಂತೆ ಮೆಲ್ಲಗೆ, ಮರ್ಯಾದೆಯಿಂದ ಮಾತಾಡತೊಡಗಿದರು. ಬೈದಿದ್ದರೆ ಒಳ್ಳೆಯದಿತ್ತು.

ಡಿಸೆಂಬರ್ ಕೊನೆಯ ವಾರ ಹರಿಹರದಲ್ಲಿ ಕ್ರಿಸ್ಮಸ್ ರಜೆಗೆಂದು ಆಟದ ಬಯಲು ಕಟ್ಟಿದ್ದಾರೆ ಎಂದು ಸುದ್ದಿ ಬಂತು. ಮುಗಿಲು ಮುಟ್ಟಿ ತಿರುಗುವ ತೊಟ್ಟಿಲು ಬಂದಿದೆಯಂತೆ, ಹಲಗೆ ಕಟ್ಟಿದ ಬಾವಿಯೊಳಗೆ ಮೋಟರ್‌ಸೈಕಲ್ ಹೊಡೆಯುತ್ತಾರಂತೆ. ಒಂದು ಮಧ್ಯಾಹ್ನ ಅವರೇ, 'ನೀಲಾ ತೊಟ್ಟಿಲು ನೋಡಿಲ್ಲ, ಕರಕೊಂಡು ಹೋಗ್ತೀನಿ' ಎಂದು ಅತ್ತೆಯವರನ್ನು ಕೇಳಿದರು. ಅತ್ತೆ ಮಾತಾಡುವ ಮೊದಲೇ ಅಕ್ಕನಾಗಮ್ಮ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. 'ಹೊಸಾ ಜೋಡಿ ಒಂದೇ ಹೋದ್ರ ಜನ ಏನಂತಾರೆ? ನಾನೂ ಬರ್ತೀನಿ.'

'ಅಜ್ಜೀ, ನಿನಗ ತೊಟ್ಟಿಲು ಹತ್ತೋ ಆಸೆ ಅನ್ನು.'

'ಹತ್ತಿದ್ರ ಹತ್ತಿದೆ. ನಿಮ್ಮಪ್ಪನ್ನ ತೂಗಿದಾಕಿ ನಾನು, ನನ್ನ ಯಾರಾರ ತೂಗಿದ್ರ ತಪ್ಪೇನು?'

ರೈಲಿನಲ್ಲಿ ಹೋದೆವು. ಹರಿಹರ ಸ್ಟೇಷನ್ನಿನಿಂದಲೇ ತೊಟ್ಟಿಲು ಕಂಡಿತು, ದೀಪ ಸಿಕ್ಕಿಸಿಕೊಂಡು ನಿಧಾನಕ್ಕೆ ತಿರುಗುತ್ತ. ಬಯಲಿನ ತುಂಬ ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ಚುಕ್ಕಿಗಳನ್ನು ತೂಗುಬಿಟ್ಟಿದ್ದರು. ಒಳಗೆ ದೀಪವಿದ್ದ ಕೆಂಪು, ಹಳದಿ, ನೀಲಿ ಚುಕ್ಕಿಗಳು. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬಂದಾಗೆಲ್ಲ ಅವು ಒಟ್ಟಿಗೆ ಒಂದೇ ಕಡೆ ತಿರುಗುತ್ತಿದ್ದವು. ನಾನು ಬಾಯಿ ತೆರೆದು ನಿಂತೆ. ಅವರು ನನ್ನ ಮುಖ ನೋಡಿ ಒಂದು ಕ್ಷಣ ಮದುವೆಯ ದಿನದ ಹಾಗೆ ನಕ್ಕರು. ಮರುಕ್ಷಣ ಆ ನಗು ತಾನೇ ತಾನಾಗಿ ಆರಿತು.

'ಇಲ್ಲೇ ನಿಂತಿರ್ರಿ, ಟಿಕೇಟು ತರ್ತೀನಿ' ಎಂದು ಜನರೊಳಗೆ ಹೋದರು.

ನಾವು ನಿಂತಿದ್ದೆವು. ಆದರೆ ಎದುರಿಗೇ ಒಂದು ಸರ್ವೆ ಮರವನ್ನು ಸಿಂಗರಿಸಿ ನಿಲ್ಲಿಸಿದ್ದರು. ಕ್ರಿಸ್ಮಸ್ ಹಬ್ಬ ತಂದ ಬಿಳಿಯರ ದೇಶದಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದಲ್ಲ, ಅದಕ್ಕೆಂದು ಕೊಂಬೆಕೊಂಬೆಗೂ ಹತ್ತಿ ಹರಡಿದ್ದರು. ಹತ್ತಿ ಕಂಡ ಮೇಲೆ ಅಕ್ಕನಾಗಮ್ಮ ನಿಲ್ಲುವುದುಂಟೆ? ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಒಂದು ಎಳೆ ಕಿತ್ತು ಬೆರಳಲ್ಲಿ ಜಗ್ಗಿ ನೋಡಿದರು.

'ಥೂ, ಇದೇನು ಹತ್ತಿ? ಎಳೀನೇ ಇಲ್ಲ. ಕಸಾನೂ ಬಿಡಿಸಿಲ್ಲ. ದೇವರ ಹಬ್ಬಕ್ಕ ಇಂಥಾದ್ದು ಹಾಕ್ತಾರೇನು? ನಮ್ಮ ಅಂಗಡಿಗೆ ಬಂದಿದ್ರ ಬೆಳ್ಳಗಿಂದು ಕೊಡ್ತಿದ್ವಿ.'

ಮರದ ಬುಡದಲ್ಲಿ ಗೋದಲಿ ಇತ್ತು. ಹುಲ್ಲಿನ ಮೇಲೆ ಕೂಸು, ಪಕ್ಕದಲ್ಲಿ ತಾಯಿ, ಸುತ್ತ ಮಣ್ಣಿನ ದನಕರು. ಅಕ್ಕನಾಗಮ್ಮ ಕೈಮುಗಿದು, ಆಮೇಲೆ ನಿಟ್ಟುಸಿರುಬಿಟ್ಟರು. 'ಬಾಣಂತಿಗೆ ಒಂದು ಕುಲಾವಿ ಇಲ್ಲ, ಕಂಬಳಿ ಇಲ್ಲ. ಈ ಗಾಳಿಗೆ ಕಿವಿ ತೆರಕೊಂಡು ಕೂಡ್ರಿಸ್ಯಾರಲ್ಲ, ತಾಯಿ!'

ಬಾಣಂತಿಯ ಉಪಚಾರ ಮುಗಿದು ನಾವು ತಿರುಗಿ ಬರುವಷ್ಟರಲ್ಲಿ ಜನ ದುಪ್ಪಟ್ಟಾಗಿದ್ದರು. ನಾವು ನಿಂತಿದ್ದ ಜಾಗ ಯಾವುದೆಂದೇ ತಿಳಿಯಲಿಲ್ಲ. ಬಳೆ ಅಂಗಡಿಯ ಹತ್ತಿರ ಎಂದರು ಅಕ್ಕನಾಗಮ್ಮ, ಸೋಡಾ ಅಂಗಡಿ ಎಂದೆ ನಾನು. ಎರಡೂ ಕಡೆ ನೋಡಿದೆವು. ಮರದ ಕುದುರೆಗಳ ಸುತ್ತ ಹುಡುಕಿದೆವು. ಎಲ್ಲಿಯೂ ಇಲ್ಲ. ಕತ್ತಲಾಗುತ್ತ ಬಂತು. ದಾವಣಗೆರೆಗೆ ಹೋಗುವ ರೈಲಿಗೆ ಇನ್ನೂ ಹೊತ್ತಿತ್ತು, ಆದರೂ ನಾನು ಅಕ್ಕನಾಗಮ್ಮನವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

'ಹೆದರಬ್ಯಾಡ' ಎಂದರು ಅಕ್ಕನಾಗಮ್ಮ. 'ಮೈಕಿನವನ ಹತ್ರ ಹೋಗಿ ಕೂಗಿಸಾಣ.'

ಮೈಕಿನ ಡೇರೆ ತೊಟ್ಟಿಲಿನ ಎದುರಿಗೇ ಇತ್ತು. ಒಳಗೆ ರೌಫ್ ಎಂಬ ನಡುವಯಸ್ಸಿನವರು ಚಹಾ ಕುಡಿಯುತ್ತ ಕುಳಿತಿದ್ದರು. ನಮ್ಮನ್ನು ಕಂಡೊಡನೆ ಸ್ಟೂಲು ಬಿಟ್ಟು ಎದ್ದರು.

'ಬರ್ರಿ ಅಮ್ಮಾ, ಕೂಡ್ರಿ. ಯಾರು ಕಳದ್ರು?'

'ನಾವು ಕಳದಿಲ್ಲಪ್ಪಾ. ನಾವು ಇಲ್ಲೇ ಅದೀವಿ. ನಮ್ಮ ಹುಡುಗ ಕಳದಾನೆ.'

'ಎಷ್ಟು ವಯಸ್ಸು, ಪಾಪ?'

'ಇಪ್ಪತ್ತಾರು.'

ರೌಫ್ ಚಹಾದ ಲೋಟ ಕೆಳಗಿಟ್ಟರು. 'ಪರವಾಗಿಲ್ಲ, ಕರೆಯಾಣ. ಹೆಸರು ಹೇಳ್ರಿ.'

ಅಕ್ಕನಾಗಮ್ಮ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

'ಈಕಿ ಹೆಂಡತಿ, ಈಕಿ ಹೇಳಂಗಿಲ್ಲ' ಎಂದರು ಅವರು.

'ಸರಿ, ನೀವು ಹೇಳ್ರಿ.'

'ನಾನೂ ಹೇಳಂಗಿಲ್ಲ. ಅವನಿಗೆ ನಮ್ಮ ಯಜಮಾನ್ರ ಹೆಸರೇ ಇಟ್ಟೈತೆ. ನಾನು ಆ ಹೆಸರು ಮೈಕಿನಾಗ ಕೂಗಿದ್ರ ಮ್ಯಾಲಿಂದ ಅವರು ಇಳಿದು ಬಂದಾರು, ಇವನು ಬರಂಗಿಲ್ಲ.'

'ನೀವು ಮನ್ಯಾಗ ಏನಂತ ಕರೀತೀರಿ?'

'ತಮ್ಮಾ ಅಂತೀವಿ.'

'ಯಾ ಅಲ್ಲಾ! ತಮ್ಮಾ ಅಂದ್ರೆ ಬಯಲೇ ಎದ್ದು ಬರತೈತೆ.'

'ಬರೆದು ಕೊಡ್ಲೇನ್ರಿ?' ಎಂದೆ ನಾನು ಮೆಲ್ಲಗೆ. ರೌಫ್ ನಕ್ಕರು. 'ನನಗ ಉರ್ದು ಬಿಟ್ರೆ ಬ್ಯಾರೆ ಅಕ್ಷರ ಬರಲ್ಲ ತಂಗಿ.'

ಅಕ್ಕನಾಗಮ್ಮನಿಗೆ ಆಗ ಹೊಳೆಯಿತು. 'ಅಯ್ಯೋ, ಮಗನ ಹೆಸರು ಹೇಳಬಹುದಲ್ಲ! ಕಲ್ಲೇಶಪ್ಪನ ಮಗ ಅಂತ ಕೂಗಪ್ಪಾ.'

'ಕಲ್ಲೇಶಪ್ಪನವರ ಮಗ ಎಲ್ಲಿದ್ದರೂ ಮೈಕಿನ ಹತ್ತಿರ ಬರಬೇಕು' ಎಂದು ರೌಫ್ ಕೂಗಿದರು. ಈ ಸೀಮೆಯಲ್ಲಿ ಕಲ್ಲೇಶಪ್ಪಂದಿರಿಗೆ ಬರವೇ? ಮೊದಲು ಕಡಲೆಪುರಿ ಪೊಟ್ಟಣ ಹಿಡಿದ ಒಬ್ಬ ಬಂದ. ಹಿಂದೆಯೇ ಇಬ್ಬರು ಅಣ್ಣತಮ್ಮಂದಿರು ಓಡಿಬಂದು, 'ಏನಾತ್ರೀ ಅಪ್ಪಾಗೆ?' ಎಂದರು. ಕೊನೆಗೆ ಕೋಲೂರಿಕೊಂಡು ಒಬ್ಬ ಮುದುಕ ಬಂದ.

'ನಿಮ್ಮಪ್ಪನೂ ಕಲ್ಲೇಶಪ್ಪನೇ?' ಎಂದರು ಅಕ್ಕನಾಗಮ್ಮ.

'ಹೌದ್ರಿ, ಸತ್ತು ಬಾಳ ವರ್ಷ ಆತು. ಈಗ್ಯಾಕ ಕರದ್ರು ಅಂತ ನೋಡಾಕ ಬಂದೆ.'

ರೌಫ್ ಹಣೆ ಚಚ್ಚಿಕೊಂಡರು. ಬಂದವರಿಗೆಲ್ಲ ಕೈಮುಗಿದು ಕಳಿಸುವಷ್ಟರಲ್ಲಿ ಅಕ್ಕನಾಗಮ್ಮ ನಗು ತಡೆಯಲಾಗದೆ ಶಾಲು ಬಾಯಿಗೆ ಒತ್ತಿಕೊಂಡಿದ್ದರು. ನನಗೂ ನಗು ಬಂತು. ನಗುತ್ತ ತಲೆಯೆತ್ತಿದವಳು ಹಾಗೇ ನಿಂತೆ.

ಎಂಜಿನ್ನಿನ ಬೆಲ್ಟು ಜಾರಿ ತೊಟ್ಟಿಲು ನಿಂತುಬಿಟ್ಟಿತ್ತು. ಕೆಳಗೆ ಒಬ್ಬ ಅದನ್ನು ಏರಿಸುತ್ತಿದ್ದ. ಎಲ್ಲಕ್ಕೂ ಮೇಲಿನ ಪೆಟ್ಟಿಗೆಯಲ್ಲಿ ಹಸಿರು ಮಫ್ಲರು ಸುತ್ತಿಕೊಂಡವರೊಬ್ಬರು ಒಂಟಿಯಾಗಿ ಕುಳಿತು, ಹಣೆಗೆ ಕೈಯಡ್ಡ ಹಿಡಿದು, ಬಯಲನ್ನೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು. ಆಟಕ್ಕೆ ಹತ್ತಿದವರು ಹಾಗೆ ಕೂರುವುದಿಲ್ಲ. ನಮ್ಮನ್ನು ಹುಡುಕಲು ಮೇಲೆ ಹೋಗಿದ್ದಾರೆ! ಇಷ್ಟೊಂದು ಕಲ್ಲೇಶಪ್ಪಂದಿರಿರುವಾಗ ಮೈಕಿನ ಕೂಗು ತಮಗೇ ಎಂದು ತಿಳಿಯುವುದು ಹೇಗೆ, ತಿಳಿದರೂ ಇಳಿಯುವುದು ಹೇಗೆ?

'ಅಜ್ಜೀ, ಅಲ್ಲಿ ನೋಡ್ರಿ.'

'ಅಯ್ಯಯ್ಯ, ನಮ್ಮ ತಮ್ಮಾ! ಅಲ್ಲಿಗ್ಯಾಕ ಹೋಗ್ಯಾನೆ?'

ಅವರು ಹೊಳೆಯ ಕಡೆ ನೋಡುತ್ತಿದ್ದರು. ಆಮೇಲೆ ಗೇಟಿನ ಕಡೆ. ಮತ್ತೆ ಹೊಳೆಯ ಕಡೆ. ಅಷ್ಟು ಎತ್ತರದಲ್ಲಿ ಕುಳಿತು ಅವರು ಏನೆಂದುಕೊಳ್ಳುತ್ತಿರಬಹುದು ಎಂದು ನನಗೆ ತಟ್ಟನೆ ತಿಳಿಯಿತು. ನಿಂತ ಕಡೆ ನಿಲ್ಲದೆ ಹೋದಳು, ಹೋಗಬೇಕೆಂದೇ ಹೋದಳೇನೋ, ಹೊಳೆದಂಡೆಗೋ, ತವರಿಗೋ. ಭಾನುವಳ್ಳಿಯ ಬಸ್ಸು ನಿಲ್ಲುವುದು ಗೇಟಿನಾಚೆಯೇ.

ರೌಫ್ ನಮ್ಮ ನೋಟ ಹಿಡಿದು ಮೇಲೆ ನೋಡಿದರು. 'ಅವರೇ ಏನು? ಮುಗೀತಲ್ಲ ಕತೆ! ಹಸಿರು ಮಫ್ಲರಿನವರೇ ಅಂತ ಕೂಗಿಬಿಡ್ತೀನಿ, ಹೆಸರೇ ಬ್ಯಾಡ.' ಮೈಕಿನ ಗುಂಡಿ ಒತ್ತಲು ಕೈ ಚಾಚಿದರು.

'ಬ್ಯಾಡ್ರಿ' ಎಂದೆ.

ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. ಅಕ್ಕನಾಗಮ್ಮ ಶಾಲು ಸರಿಸಿ ನನ್ನನ್ನು ನೋಡಿದರು.

'ನಾನು ಹೇಳ್ತೀನಿ.'

'ಇಲ್ಲೇ? ಇಷ್ಟು ಮಂದ್ಯಾಗ?' ಎಂದವರು ಮರುಕ್ಷಣವೇ ರೌಫ್‌ಗೆ ಗದರಿದರು. 'ಏನ್ ನೋಡ್ತೀಯಪ್ಪಾ? ಆ ಕಬ್ಬಿಣದ ಹೂವು ಇತ್ತ ಕೊಡು. ನಮ್ಮ ಸೊಸಿ ಒಡಪು ಹೇಳ್ತಾಳೆ.'

ರೌಫ್ ಮೈಕನ್ನು ನನ್ನ ಎತ್ತರಕ್ಕೆ ಇಳಿಸಿಕೊಟ್ಟರು. ಅದು ತಣ್ಣಗಿತ್ತು. ನನ್ನ ಉಸಿರೇ ಕಂಬಕಂಬದ ಮೇಲಿನ ಸ್ಪೀಕರಿನಲ್ಲಿ ಗಾಳಿಯಂತೆ ಸುಯ್ಗುಟ್ಟಿತು. ಬಾವಿಯ ಮೋಟರ್‌ಸೈಕಲ್ ಆಗಷ್ಟೇ ನಿಂತಿತ್ತು. ನಾನು ಮರ ನೋಡಿದೆ, ಚುಕ್ಕಿ ನೋಡಿದೆ. ಗೆಳತಿಯರಿಗೆ ಕಟ್ಟಿಕೊಡುವಾಗ ಬರುತ್ತಿದ್ದ ಹಾಗೆಯೇ ಪದ ತಾನಾಗಿ ಬಂತು.

'ಸರ್ವೆ ಮರದ ಮ್ಯಾಲೆ ಹತ್ತಿ ಹಿಮದ ತೇರು,
ಬಯಲ ತುಂಬ ಕಾಗದದ ಚುಕ್ಕಿ ನೂರಾರು...'

ಮೇಲೆ, ಹೊಳೆಯ ಕಡೆ ತಿರುಗಿದ್ದ ತಲೆ ಇತ್ತ ತಿರುಗಿತು. ಮಫ್ಲರಿನ ತುದಿ ಗಾಳಿಗೆ ಹಾರುತ್ತಿತ್ತು. ಬಳೆ ಅಂಗಡಿಯ ಮುಂದಿನ ಹೆಂಗಸರು ಮಾತು ನಿಲ್ಲಿಸಿ, ಇದು ಏನೆಂದು ಗುರುತಿಸಿ, 'ಹೇಳವ್ವಾ, ಹೇಳು!' ಎಂದು ಅಲ್ಲಿಂದಲೇ ಕೂಗಿದರು. ನಾನು ಮೈಕಿನ ಕಡೆ ನೋಡಲಿಲ್ಲ, ಜನರ ಕಡೆ ನೋಡಲಿಲ್ಲ. ಅವರನ್ನೇ ನೋಡುತ್ತ ಹೇಳಿದೆ:

'ಮುಗಿಲ ತೊಟ್ಟಿಲಾಗ ಕುಂತು ನನ್ನ ಹುಡುಕೋರು,
ನಾ ಮೆಚ್ಚಿ ಕೈಹಿಡಿದ ಕೆಂಚವೀರಪ್ಪನವರು.'