ಒಲ್ಲೆ ಅಂದ ನಿರ್ಮಲಾ

ಕಳ್ಳಕವಟಗಿಯ ನಿರ್ಮಲಾ ಚಿಕ್ಕಂದಿನಿಂದಲೂ ಯಾರ ತಂಟೆಗೂ ಹೋದವಳಲ್ಲ. ಮನೆಗೆ ನೆಂಟರು ಬಂದರೆ ನೀರಿನ ತಂಬಿಗೆ ಇಟ್ಟು ಒಳಗೆ ಹೋಗಿಬಿಡುವಳು. ಊರವರು ಇದನ್ನು ದೊಡ್ಡ ಗುಣವೆಂದು ಹೊಗಳಿದರು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದು, ವಿಜಯಪುರದ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಬಿ.ಎ.ಗೆ ಸೀಟೂ ಸಿಕ್ಕಿತು. ತಿಕೋಟಾ ಮೇಲೆ ಹೋಗುವ ಬಸ್ಸಿಗೆ ದಿನಾ ಹೋಗಿ ಬರತೊಡಗಿದಳು. ಅಲ್ಲಿ ಅವಳ ಗುಣ ಹೊಗಳುವವರು ಯಾರೂ ಇರಲಿಲ್ಲ.

ಎರಡು ತಿಂಗಳು ಕಳೆಯುವುದರೊಳಗೆ ಒಂದು ಬೆಳಿಗ್ಗೆ ಬಸ್ಸಿಗೆ ಹೊರಡದೆ ಕುಳಿತಳು.

“ಯವ್ವಾ, ನಾ ಇನ್ನ ಕಾಲೇಜಿಗೆ ಹೋಗೂದಿಲ್ಲ ಬೇ.”

“ಯಾಕ? ಯಾರರ ಏನರ ಅಂದ್ರೇನು?” ತಾಯಿ ರಾಚವ್ವ ಗಾಬರಿಯಾದಳು.

“ಯಾರೂ ಏನೂ ಅನ್ನೂದಿಲ್ಲ. ಮಾತ ಆಡ್ಸೂದಿಲ್ಲ. ಬುತ್ತಿ ಬಿಚ್ಚಿದ್ರ ಒಬ್ಬಾಕೀನ ಉಣಬೇಕು.”

ಮಗಳು ಫೇಲಾದರೂ ರಾಚವ್ವ ಸಹಿಸುತ್ತಿದ್ದಳು. ಒಬ್ಬಳೇ ಕೂತು ಉಣ್ಣುವುದನ್ನು ಹೇಗೆ ಸಹಿಸಿಯಾಳು?

“ದೊಡ್ಡೂರ ಮಂದಿಗೆ ಸೊಕ್ಕು ಭಾಳ. ಕಾಲೇಜ ನಮಗ ಹೊಂದೂದಿಲ್ಲ ಅಂತ ನಾ ಮೊದಲ ಹೇಳಿದ್ದೆ.”

ತಂದೆ ಅಮೋಘಿ ಕುರಿ ಕಾಯುವವನು, ಮಾತು ಕಮ್ಮಿ. “ಬರೂ ಸೋಮವಾರ ಹೋಗಿ ಟಿಸಿ ತರ್ತೀನಿ,” ಎಂದು ಮುಗಿಸಿದ.

ನಿರ್ಮಲಾಳಿಗೆ ಹಗುರವೂ ಆಯಿತು, ಅಳುವೂ ಬಂತು. ಇತಿಹಾಸದ ಪಾಠವೆಂದರೆ ಅವಳಿಗೆ ಪ್ರಾಣ. ಅದನ್ನು ಬಿಡಬೇಕಲ್ಲ ಎಂಬ ಸಂಕಟವನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವುದು ಅವಳ ಅಭ್ಯಾಸವಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಯಾಸ್ಮೀನ ಬಂದು ನಿಂತಳು. ಬಬಲೇಶ್ವರದವಳು, ನಿರ್ಮಲಾಳ ಕ್ಲಾಸಿನವಳೇ. ಪಿಯುಸಿಯಿಂದ ವಿಜಯಪುರದ ಹಾಸ್ಟೆಲ್ಲಿನಲ್ಲಿ ಇದ್ದಾಳೆ. ತಿಕೋಟಾದ ಅಕ್ಕನ ಮನೆಗೆ ಬಂದವಳು ಜೀಪು ಹತ್ತಿ ಇಲ್ಲಿಯವರೆಗೂ ಬಂದಿದ್ದಳು.

“ವಾರ ಆತು, ಕ್ಲಾಸಿಗೆ ಬಂದಿಲ್ಲ. ನಾಳೆ ಸೆಮಿನಾರಿಗೆ ಗುಂಪಿನ ಹೆಸರು ಕೊಡೂದೈತಿ. ಗುಂಪಿನಾಗ ಇಲ್ಲಂದ್ರ ಮಾರ್ಕ್ಸ್ ಇಲ್ಲ. ಇತಿಹಾಸದ ಮೇಡಂ ನಿನ್ನ ಕೇಳಾಕತ್ತಾರ.”

ನಿರ್ಮಲಾ ನೀರಿನ ತಂಬಿಗೆ ಇಟ್ಟು ಒಳಬಾಗಿಲಿಗೆ ಸರಿದಳು. ರಾಚವ್ವನ ಮುಖ ಗಂಟಾಯಿತು. ಆದರೂ ಬಂದವರನ್ನು ಹಾಗೇ ಕಳಿಸಲಾದೀತೇ?

“ಕೈ ತೊಳಕೋ ತಂಗಿ, ಒಂದೀಟು ಉಂಡು ಹೋಗು.”

“ಒಲ್ಲೆ ಕಾಕು, ಈಗ ಉಂಡೀನಿ.”

“ಒಂದ ರೊಟ್ಟಿ.”

“ಹೊಟ್ಟಿ ತುಂಬೇತ್ರಿ, ಖರೇನ.”

“ಬದನಿಕಾಯಿ ಪಲ್ಯ ಮಾಡೀನಿ, ಬಾ,” ಎನ್ನುತ್ತ ರಾಚವ್ವ ತಾಟು ಹಚ್ಚಿಯೇಬಿಟ್ಟಳು. ಹೊಟ್ಟೆ ತುಂಬಿದ್ದ ಯಾಸ್ಮೀನ ಎರಡು ರೊಟ್ಟಿ ಮುಗಿಸಿ ಮತ್ತೊಂದಕ್ಕೆ ಕೈಹಾಕಿದಳು.

“ಉಣ್ಣು. ಆದ್ರ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ,” ಎಂದಳು ರಾಚವ್ವ. “ನೀವು ನಮ್ಮ ಹುಡುಗೀನ ಒಂದ ದಿನಾನೂ ಊಟಕ್ಕ ಕರೀಲಿಲ್ಲಲ್ಲ, ಯಾಕ?”

ಯಾಸ್ಮೀನ ತುತ್ತನ್ನು ಹಾಗೇ ಹಿಡಿದು ಕುಳಿತಳು. “ಕರದೀವಲ್ರಿ! ಮೊದಲನೇ ದಿನಾನ ಕರದೀವಿ. ಒಲ್ಲೆ ಅಂದ್ಲು. ಸೆಮಿನಾರಿಗೆ ನಮ್ಮ ಗುಂಪಿಗೆ ಬರ್ತೀ ಏನು ಅಂದ್ರ, ‘ಇರ್ಲಿ ಬಿಡ್ರಿ’ ಅಂದ್ಲು. ಭಾಳ ಸೊಕ್ಕಿನಾಕಿ ಅಂತ ತಿಳಕೊಂಡು ಸುಮ್ಮನಾದ್ವಿ.”

“ನನಗ ಸೊಕ್ಕ?” ನಿರ್ಮಲಾ ಅಷ್ಟು ಜೋರಾಗಿ ಮಾತಾಡಿದ್ದನ್ನು ಬಾಗಿಲ ಬಳಿ ಕೂತಿದ್ದ ಅಮೋಘಿ ಅದೇ ಮೊದಲು ಕೇಳಿದ್ದು. “ಒಂದ ಸಲಕ್ಕ ಹ್ಞೂಂ ಅಂದ್ರ ಏನು ತಿಳಕೊಂತೀರಿ ಅಂತ ಒಲ್ಲೆ ಅಂದೆ. ಇನ್ನೊಮ್ಮೆ ಕರೀತೀರಿ ಅಂತ ದಾರಿ ನೋಡಾಕತ್ತಿದ್ದೆ!”

“ಮತ್ತ? ಒಂದ ಸಲ ಕರದ್ರ ಯಾರು ಬರ್ತಾರ?” ರಾಚವ್ವ ಮಗಳ ಪರ ನಿಂತಳು.

ಯಾಸ್ಮೀನಳಿಗೆ ನಗು ತಡೆಯಲಾಗಲಿಲ್ಲ. “ಕಾಕು, ನಾನೂ ಈಗ ಒಲ್ಲೆ ಅಂದ್ನಿ. ನೀವ್ಯಾಕ ನೀಡಿದ್ರಿ?”

“ಹಸದೀ ಅಂತ ನಿನ್ನ ಮಾರಿ ನೋಡಿದ್ರ ಗೊತ್ತಾಗ್ತಿತ್ತು.”

“ಅಲ್ಲಿ ಮಾರಿ ನೋಡೂ ಪುರುಸೊತ್ತು ಯಾರಿಗೂ ಇಲ್ರಿ. ಒಲ್ಲೆ ಅಂದ್ರ ಒಲ್ಲೇನ. ಅದು ಸೊಕ್ಕಲ್ಲ, ಅಲ್ಲೀ ರೂಢಿ. ಹಾಸ್ಟೆಲಿಗೆ ಹೋದ ಹೊಸದಾಗ ನಾನೂ ಹಿಂಗ ಒಲ್ಲೆ ಅಂದು ಹಸಗೊಂಡು ಮಕ್ಕೊಂಡೀನಿ. ಅಷ್ಟಾದ್ರೂ ನಿರ್ಮಲಾ ಒಲ್ಲೆ ಅಂದಾಗ ನನಗ ಹೊಳೀಲಿಲ್ಲ. ನಂದೂ ತಪ್ಪೈತಿ.”

ಅಮೋಘಿ ನಡುವೆ ಬಾಯಿಹಾಕಿದ. “ಹಂಗಾರ ಟಿಸಿ?”

“ತಗೀಬ್ಯಾಡ್ರಿ ಕಾಕಾ. ಮೊದಲನೇ ವರ್ಷ ಭಾಳ ಮಂದಿಗೆ ಹಿಂಗ ಆಗ್ತೈತಿ. ಹೊಸಬರ ಕಷ್ಟಾ ಕೇಳಾಕಂತ ನಮ್ಮಲ್ಲಿ ಒಬ್ರು ಮೇಡಂ ಅದಾರ. ಹೇಳಿದ್ರ ದಾರಿ ಐತ್ರಿ. ಹೇಳದಂಗ ಬಿಟ್ಟು ಬಂದ್ರ ಯಾರು ಏನು ಮಾಡ್ಯಾರು?”

ಅಮೋಘಿ ಹೊರಗಿನ ಕುರಿಗಳತ್ತ ಕೈ ತೋರಿಸಿದ. “ಹೊಸಾ ಕುರಿ ಹಿಂಡಿಗೆ ಬಿಟ್ರ ಬ್ಯಾರೇನ ನಿಂದರ್ತೈತಿ. ಹಂಗಂತ ಮರುದಿನಾನ ಸಂತಿಗೆ ಹೊಡಕೊಂಡು ಹೋಗ್ತೀವೇನು?” ಎಂದ. ಟಿಸಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ನಿರ್ಮಲಾ ಇತಿಹಾಸದ ಮೇಡಂ ಮುಂದೆ ನಿಂತು, “ನನ್ನ ಹೆಸರೂ ಯಾಸ್ಮೀನಳ ಗುಂಪಿಗೆ ಬರಕೋರಿ,” ಎಂದಳು. ಮೇಡಂ ಬರೆದುಕೊಂಡರು.

ಮಧ್ಯಾಹ್ನ ಹುಡುಗಿಯರು ಬುತ್ತಿ ಬಿಚ್ಚಿದರು. ವಿದ್ಯಾವತಿ ಎಂಬ ಹುಡುಗಿ ಚಟ್ನಿಪುಡಿಯ ಡಬ್ಬಿ ತೆರೆಯುತ್ತ, ತಲೆ ಎತ್ತದೆಯೇ, ಒಂದೇ ಒಂದು ಸಲ ಕೇಳಿದಳು: “ಶೇಂಗಾ ಹಿಂಡಿ ಬೇಕೇನು?”

ನಿರ್ಮಲಾಳ ಬಾಯಿಗೆ ‘ಒಲ್ಲೆ’ ಬಂದೇ ಬಂತು. ನುಂಗಿಕೊಂಡಳು.

“ಹ್ಞೂಂ, ಕೊಡು.”

ನಾಚಿಕೆಯಿಂದ ಕಿವಿ ಬಿಸಿಯಾದವು. ಆದರೆ ಯಾರೂ ಏನೂ ತಿಳಿದುಕೊಳ್ಳಲಿಲ್ಲ. ಸರಿದು ಜಾಗ ಮಾಡಿಕೊಟ್ಟರು, ಅಷ್ಟೇ.

ಕಾಲೇಜಿಗೆ ಹೊಸದಾಗಿ ಹೋಗುತ್ತಿರುವ ತಂಗಿಯರೇ, ತಮ್ಮಂದಿರೇ, ನಾಚಿಕೆ ತಪ್ಪಲ್ಲ. ಅದು ಹೋಗುವವರೆಗೆ ಕಾಯಲೂ ಬೇಡಿ. ಮೊದಲ ಸಲ ಕರೆದಾಗಲೇ ಹ್ಞೂಂ ಅನ್ನಿ. ಕರೆಯದಿದ್ದರೆ ನೀವೇ ಕೇಳಿ. ತಾಯಿ ತಂದೆಯರೇ, ಮಕ್ಕಳು ಅತ್ತ ದಿನವೇ ಟಿಸಿಗೆ ಹೊರಡಬೇಡಿ. ಅಲ್ಲಿ ಏನಾಯಿತೆಂದು ಕೂತು ಕೇಳಿ, ಅವರ ಅಧ್ಯಾಪಕರನ್ನು ಕಾಣಿ.

ಈಗಾಗಲೇ ಗೆಳೆಯರ ನಡುವೆ ಕೂತು ಉಣ್ಣುತ್ತಿರುವವರಿಗೂ ಒಂದು ಮಾತು. ನಿಮ್ಮ ಕ್ಲಾಸಿನಲ್ಲಿ ಯಾರೋ ಒಬ್ಬರು ಒಲ್ಲೆ ಅಂದು ದೂರ ಕೂತಿರುತ್ತಾರೆ. ನಾಳೆ ಅವರನ್ನು ಇನ್ನೊಮ್ಮೆ ಕರೆಯಿರಿ.