ಖಾಲಿ ಲಿಫ್ಟಿನ ತೂಕ

ಲಿಫ್ಟಿಗೆ ಹೊಸ ಕಲ್ಲಿನ ನೆಲ ಹಾಸಿದ ಮೇಲೆ ಅತ್ತೆ ಎಂಟನೇ ಮಹಡಿಯಿಂದ ಕೆಳಗಿಳಿಯುವುದನ್ನೇ ನಿಲ್ಲಿಸಿದರು. ಕಲ್ಲು ಚೆನ್ನಾಗಿಯೇ ಇತ್ತು. ಕಪ್ಪು, ಮುಖ ಕಾಣುವಷ್ಟು ನುಣುಪು. ಆದರೆ ಅಂದಿನಿಂದ ಲಿಫ್ಟು ಹೊರಡುವ ಮುನ್ನ ಒಮ್ಮೆ ಕೆಳಕ್ಕೆ ಕುಸಿದು, ಸಾವರಿಸಿಕೊಂಡು, ಆಮೇಲೆ ಚಲಿಸುತ್ತಿತ್ತು. ಉಳಿದವರಲ್ಲಿ ಬಹಳ ಮಂದಿ ಅದನ್ನು ಗಮನಿಸಿಯೂ ಇರಲಿಲ್ಲ. ಸೊಂಟದ ಮೂಳೆ ಮುರಿದು, ವಾಕರ್ ಹಿಡಿದು ಮತ್ತೆ ನಡೆಯಲು ಕಲಿತಿದ್ದ ಅತ್ತೆಗೆ ಮಾತ್ರ ಕಾಲ ಕೆಳಗಿನ ನೆಲವೇ ಜಾರಿದಂತಾಗುತ್ತಿತ್ತು.

ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ಅವರನ್ನು ಕಟ್ಟಡದವರೆಲ್ಲ ಸಿಸ್ಟರಮ್ಮ ಎನ್ನುತ್ತಿದ್ದರು. ಸಂಜೆ ಕೆಳಗಿನ ಬೆಂಚಿನ ಮೇಲೆ ಅವರದೊಂದು ದರ್ಬಾರೇ ನಡೆಯುತ್ತಿತ್ತು. ಈಗ ಬಾಲ್ಕನಿಯಲ್ಲಿ ಕುಳಿತು ಆ ಬೆಂಚನ್ನು ನೋಡುತ್ತ, ಯಾರು ಬಂದರು, ಯಾರು ಮುಖ ಊದಿಸಿಕೊಂಡು ಎದ್ದುಹೋದರು ಎಂದು ಸೊಸೆಗೆ ವರದಿ ಒಪ್ಪಿಸುತ್ತಿದ್ದರು.

ಕೇಳಲು ಸೊಸೆ ಮನೆಯಲ್ಲೇ ಇದ್ದಳು. ಲಿಫ್ಟುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವಳು. ಲಿಫ್ಟು ಕುಲುಕದೆ ಹೊರಡಬೇಕು, ಕುಲುಕದೆ ನಿಲ್ಲಬೇಕು, ಅದು ಅವಳ ಪಾಲಿನ ಕೆಲಸ. ಪೈಪೋಟಿಯ ಕಂಪನಿಯೊಂದು ಕರೆದಾಗ ರಾಜೀನಾಮೆ ಕೊಟ್ಟಳು. ಆಗ ಹಳೆಯ ಕಂಪನಿ, ಅವಳು ಸೇರುವಾಗ ಓದದೆ ಸಹಿ ಹಾಕಿದ್ದ ಕರಾರನ್ನು ಮುಂದಿಟ್ಟಿತು. ಒಂದು ವರ್ಷ ಬೇರಾವ ಲಿಫ್ಟ್ ಕಂಪನಿಗೂ ಕೆಲಸ ಮಾಡುವಂತಿಲ್ಲ, ಪುಕ್ಕಟೆಯಾಗಿಯೂ ಸಲಹೆ ಕೊಡುವಂತಿಲ್ಲ. ಹೊಸ ಕಂಪನಿ ವರ್ಷ ಕಾಯಲು ಒಪ್ಪಿತು. ಆದರೆ ಅಷ್ಟರೊಳಗೆ ಕರಾರು ಮುರಿದ ಸುದ್ದಿ ಬಂದರೆ ಆ ಕೆಲಸ ಬೇರೆಯವರಿಗೆ ಎಂದೂ ಹೇಳಿತು.

ಈ ಕಟ್ಟಡದ ಲಿಫ್ಟು ಆ ಹೊಸ ಕಂಪನಿಯದೇ.

“ಹತ್ತಿ ಇಳಿಯೋದಕ್ಕಾದರೂ ಬಿಟ್ಟಿದಾರಲ್ಲ, ಪುಣ್ಯ,” ಎಂದು ಗಂಡ ತಮಾಷೆ ಮಾಡುತ್ತಿದ್ದ. ಮೊದಮೊದಲು ಅವಳೂ ನಕ್ಕಿದ್ದಳು. ಮೊದಲ ವಾರ ಕಣ್ತುಂಬ ನಿದ್ದೆ ಮಾಡಿದಳು. ಆಮೇಲೆ ಕಪಾಟುಗಳನ್ನೆಲ್ಲ ಒಪ್ಪ ಮಾಡಿದಳು. ಅದೂ ಮುಗಿದ ಮೇಲೆ ಹಾಲಿಗೊಂದು ಸಲ, ಬ್ರೆಡ್ಡಿಗೊಂದು ಸಲ ಕೆಳಗೆ ಹೋಗಿಬರತೊಡಗಿದಳು. ಲಿಫ್ಟಿನಲ್ಲಿ ಒಬ್ಬಳೇ ಇದ್ದಾಗ ಗೋಡೆಗೆ ಅಂಗೈ ಒತ್ತಿ ಕಣ್ಣು ಮುಚ್ಚುತ್ತಿದ್ದಳು. ಹಳೆಯ ಆಫೀಸಿನಲ್ಲಿ ಲಿಫ್ಟುಗಳನ್ನು ಓಡಿಸಿ ನೋಡುವ ಪರೀಕ್ಷಾ ಗೋಪುರದಲ್ಲಿ ಅಂಚಿನವರೆಗೆ ನೀರು ತುಂಬಿದ ಲೋಟ ಹಿಡಿದು ಹೀಗೆಯೇ ನಿಲ್ಲುತ್ತಿದ್ದಳು. ನೀರು ಅಲುಗದ ದಿನ, ಜೊತೆಗೆ ನಿಂತಿರುತ್ತಿದ್ದ ಪಕ್ಕದ ಮೇಜಿನ ಗೆಳತಿ ಮೆಚ್ಚುಗೆಗೆ ಹುಬ್ಬು ಏರಿಸುತ್ತಿದ್ದಳು. ಸೊಸೆಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತಿದ್ದದ್ದು ಆ ಹುಬ್ಬು.

ಈ ಲಿಫ್ಟು ಯಾಕೆ ಕುಸಿಯುತ್ತದೆ ಎಂಬುದು ಕಲ್ಲು ಹಾಸಿದ ಎರಡನೇ ದಿನವೇ ಅವಳಿಗೆ ತಿಳಿದಿತ್ತು. ಅತ್ತೆಯ ದೂರಿನ ಮೇಲೆ ಹೊಸ ಕಂಪನಿಯ ಮೆಕ್ಯಾನಿಕ್ ಎರಡು ಸಲ ಬಂದು, ಬ್ರೇಕು ಬಿಗಿ ಮಾಡಿ, ಎಣ್ಣೆ ಹಾಕಿ, ಈಗ ಸರಿಹೋಯಿತು ಎಂದು ಹೋಗಿದ್ದ. ಎರಡು ಸಲವೂ ಅವಳು ಬಾಗಿಲ ಹಿಂದೆ ತುಟಿ ಕಚ್ಚಿಕೊಂಡು ನಿಂತಿದ್ದಳು.

ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದಾಗ ಅತ್ತೆ ನೇರವಾಗಿಯೇ ಕೇಳಿದರು. ಹಗ್ಗ ಕಿತ್ತುಬರುತ್ತದೆಯೋ ಹೇಗೆ? ಹಾಗೇನೂ ಆಗುವುದಿಲ್ಲ ಎಂದಳು. ಮತ್ತೆ ಯಾಕೆ ಕುಸಿಯುತ್ತದೆ ಎಂದರು. ಸೊಸೆ ಒಂದು ಟವೆಲ್ಲನ್ನು ಎರಡು ಸಲ ಮಡಿಸಿದಳು. ಆಮೇಲೆ ಮಾತು ತಾನಾಗಿ ಹೊರಟಿತು. ಹಗ್ಗದ ಒಂದು ತುದಿಗೆ ಲಿಫ್ಟು, ಇನ್ನೊಂದು ತುದಿಗೆ ಕಬ್ಬಿಣದ ತೂಕ. ಬ್ರೇಕು ಬಿಡುವ ಮುನ್ನವೇ ಮೋಟಾರು ಎರಡರ ವ್ಯತ್ಯಾಸವನ್ನು ಎತ್ತಿ ಹಿಡಿದಿರಬೇಕು. ಅದಕ್ಕೆ ಒಳಗಿನ ಭಾರ ಗೊತ್ತಿರಬೇಕು. ಕಲ್ಲು ಹಾಸಿದವರು, ಕಲ್ಲಿದ್ದಂತೆಯೇ ‘ಇದು ಖಾಲಿ’ ಎಂದು ಯಂತ್ರಕ್ಕೆ ಕಲಿಸಿಬಿಟ್ಟಿದ್ದಾರೆ. ಅವಳ ಕೈಗಳು ಗಾಳಿಯಲ್ಲಿ ಏರಿ ಇಳಿದವು. ತಿಂಗಳುಗಟ್ಟಲೆ ಇಷ್ಟು ಮಾತಾಡಿರಲಿಲ್ಲ.

“ಕೂಸನ್ನ ತೂಗೋ ಮುಂಚೆ ಬಟ್ಟೆ ಹಾಸಿ ಮುಳ್ಳನ್ನ ಸೊನ್ನೆಗೆ ತರ್ತಿದ್ವಲ್ಲ, ಹಾಗೆ,” ಎಂದರು ಅತ್ತೆ.

“ಹಾಗೇ ಅತ್ತೆ. ಆದರೆ ಎತ್ತೋ ಕೈಗೆ ಬಟ್ಟೆ ಭಾರವೂ ಬೀಳುತ್ತಲ್ಲ. ಕಬ್ಬಿಣದ ಕಡೆಗೂ ಅಷ್ಟು ತೂಕ ಸೇರಿಸಬೇಕಿತ್ತು.” ಅಷ್ಟು ಹೇಳಿ ಸಿಕ್ಕಿಬಿದ್ದವಳಂತೆ ನಿಲ್ಲಿಸಿದಳು. “ನಾನು ಏನೂ ಹೇಳಿಲ್ಲ.”

“ಏನಂದೆ? ನನಗೆ ಕಿವಿ ಮಂದ ಕಣೇ,” ಎಂದರು ಅತ್ತೆ. ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುವ ಕಿವಿ ಅವರದು.

ಮೆಕ್ಯಾನಿಕ್ ಮೂರನೇ ಸಲ ಬಂದಾಗ ಅತ್ತೆ ವಾಕರ್ ತಳ್ಳಿಕೊಂಡು ಲಿಫ್ಟಿನ ಬಾಗಿಲಿಗೇ ಹೋಗಿ ನಿಂತರು. ಬೀಳದಂತೆ ನೋಡಿಕೊಳ್ಳಲು ಸೊಸೆ ಹಿಂದೆ ಹೋದಳು. ಕೂಸು, ಬಟ್ಟೆ, ತಕ್ಕಡಿ ಎಂದು ಅತ್ತೆ ಶುರುಮಾಡಿದಾಗ ಆತ ಮರ್ಯಾದೆಗೆ ತಲೆಯಾಡಿಸುತ್ತಿದ್ದ. ಕಲ್ಲಿನ ಮಾತು ಬಂದಾಗ ಸ್ಪ್ಯಾನರ್ ಕೆಳಗಿಟ್ಟ. ನೆಲ ನೋಡಿದ, ಮೇಲೆ ನೋಡಿದ. ಆಮೇಲೆ ಸೊಸೆಯನ್ನು ನೋಡಿದ.

“ಇದನ್ನ ನಿಮಗೆ ಯಾರು ಹೇಳಿದ್ರು ಅಮ್ಮಾ?”

‘ನಾನು’ ಎನ್ನುವ ಒಂದು ಪದ ಸೊಸೆಯ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಆತ ಆಫೀಸಿಗೆ ಫೋನು ಮಾಡುತ್ತಾನೆ, ಅವಳ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು. ಅವಳು ವಾಕರಿನ ಹಿಡಿಕೆಯನ್ನು ಹಿಡಿದುಕೊಂಡಳು.

“ಯಾರು ಹೇಳಬೇಕಪ್ಪಾ? ಜೀವಮಾನವೆಲ್ಲ ಕೂಸುಗಳನ್ನ ತೂಗಿದ್ದೀನಿ,” ಎಂದರು ಅತ್ತೆ.

ಆತ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿದ. ಕಲ್ಲಿನ ಅಳತೆ ಹಿಡಿದ, ದಪ್ಪ ನೋಡಿದ, ಎಷ್ಟು ಕಬ್ಬಿಣ ತರಬೇಕೆಂದು ಗೊಣಗಿಕೊಂಡ. ಲೆಕ್ಕ ಸರಿಯಾಗಿತ್ತು. ಸರಿ ಎಂದು ಹೇಳಬೇಕೆನ್ನಿಸಿತು ಅವಳಿಗೆ. ಹೋಗುವಾಗ ಆತ ನಗುತ್ತ ಅತ್ತೆಗೆ ಹೇಳಿದ: “ನಮ್ಮ ಆಫೀಸಿಗೆ ಬಂದುಬಿಡಿ ಅಮ್ಮಾ. ನಿಮ್ಮಂಥವರನ್ನೇ ಹುಡುಕ್ತಿದಾರೆ.”

ಅತ್ತೆ ನಕ್ಕರು. ಸೊಸೆಯೂ ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದಿಟ್ಟಿದ್ದ ಲೋಟಗಳನ್ನೇ ಮತ್ತೆ ತೊಳೆದಳು.

ಕಬ್ಬಿಣ ಬಂದು ಕೂತ ಸಂಜೆ ಅತ್ತೆ ಲಿಫ್ಟಿನಲ್ಲಿ ಇಳಿದುಹೋದರು. ಬೆಂಚಿನಿಂದ ಅವರ ದನಿ ಎಂಟನೇ ಮಹಡಿಗೂ ಕೇಳುತ್ತಿತ್ತು. ಮೆಕ್ಯಾನಿಕ್ಕಿಗೆ ತಾವು ಪಾಠ ಮಾಡಿದ ಕತೆಯೇ ಇರಬೇಕು. ಸೊಸೆ ಅವರಿಗೆಂದು ಚಹಾ ಮಾಡಿ, ಲೋಟವನ್ನು ಅಂಚಿನವರೆಗೆ ತುಂಬಿ, ಲಿಫ್ಟು ಹತ್ತಿ ಗುಂಡಿ ಒತ್ತಿದಳು.

ಬ್ರೇಕು ಬಿಟ್ಟಿತು. ಚಹಾ ಅಲುಗಲಿಲ್ಲ. ಅವಳು ಪಕ್ಕಕ್ಕೆ ತಿರುಗಿದಳು, ಅಭ್ಯಾಸಬಲ. ಅಲ್ಲಿ ಯಾರೂ ಇರಲಿಲ್ಲ. ಕೆಳಗೆ ನಿಲ್ಲುವ ಹೊತ್ತಿಗೆ ಮಾತ್ರ ಚಹಾದ ಮೇಲೊಂದು ಸಣ್ಣ ಉಂಗುರ ಎದ್ದು ಅಂಚಿಗೆ ತಾಗಿತು. ಅದು ಕಬ್ಬಿಣದ ತಪ್ಪಲ್ಲ, ಪ್ರೋಗ್ರಾಮಿನದು. ಯಾವ ಅಂಕಿಯನ್ನು ತುಸು ಇಳಿಸಿದರೆ ಆ ಉಂಗುರವೂ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಾಗಿಲು ತೆರೆದುಕೊಂಡಿತು. ಬೆರಳುಗಳು ಲೋಟದ ಮೈಮೇಲೆ, ಕೀಬೋರ್ಡಿನ ಮೇಲೆಂಬಂತೆ, ಆ ಅಂಕಿಯನ್ನು ಒತ್ತುತ್ತಲೇ ಇದ್ದವು.